ಕಂಬಳಿಯ ಗುರುತು

ನಡುಮನೆಯಿಂದ ಕುರಿ ಕೊಟ್ಟಿಗೆಗೆ ಹೋಗುವ ಸಣ್ಣ ಬಾಗಿಲಿಗೆ ಬಂದ ಶೋಭಿತಾ ಅಲ್ಲೇ ಕಾಲೂರಿ ನಿಂತುಬಿಟ್ಟಳು. ಹಿಂದಿನಿಂದ ಮಾರಮ್ಮಜ್ಜಿ ಬೆನ್ನಿಗೆ ಕೈಕೊಟ್ಟು ತಳ್ಳುತ್ತಿದ್ದಳು. ಎಂಬತ್ತರ ಹತ್ತಿರದ ಕೈ. ಆದರೂ ಆಯುಷ್ಯವೆಲ್ಲ ರಾಗಿ ಬೀಸಿದ ಕೈಯಲ್ಲವೇ, ಬಲವೇನೂ ಕುಂದಿರಲಿಲ್ಲ.

“ಒಳೀಕೋಗಮ್ಮಿ. ಅಂಗ್ಳದ ಕಡೀಕೆ ತಿರುಗ್ಬ್ಯಾಡ. ಮಣ್ಣಾಗೋಗಂಟ ಇಲ್ಲೇ ಕೂತಿರು.”

“ನಾನು ಇದರೊಳಗೆ ಹೋಗಲ್ಲ ಅಜ್ಜಿ.”

“ಯಾಕೋಗಾಕಿಲ್ಲ?”

“ದೊಡ್ಡತ್ತೆ ಬೇಡ ಅಂದಿದಾರೆ.”

ಬೆನ್ನ ಮೇಲಿನ ಕೈ ಅಲ್ಲೇ ತಡೆಯಿತು. ಬೇಡ ಅಂದಿದ್ದ ದೊಡ್ಡತ್ತೆ, ಅಂದರೆ ಅಜ್ಜಿಯ ಸೊಸೆ ಮಾದಮ್ಮ, ಅಂಗಳದ ಚಪ್ಪರದಡಿ ಮಂಚದ ಮೇಲೆ ಹೆಣವಾಗಿ ಮಲಗಿದ್ದಳು. ಬೆಳಿಗ್ಗೆ ಎದ್ದು ಕುರಿಗೆಂದು ಸೊಪ್ಪಿನ ಹೊರೆ ತಂದವಳು ಅದನ್ನು ಕೊಟ್ಟಿಗೆಯ ಬಾಗಿಲಲ್ಲಿ ಇಳಿಸಿದಳು. “ಎದೆ ಯಾಕೋ ಹಿಡ್ಕಂಡಂಗಾಯ್ತದೆ” ಎಂದು ಜಗಲಿಗೆ ಒರಗಿದಳು, ಅಷ್ಟೇ. ಹೊರೆ ಬಿಚ್ಚದೆ ಹಾಗೇ ಬಿದ್ದಿತ್ತು. ಕೂಗು ಕೇಳಿ ಶೋಭಿತಾ ಎದ್ದು ಓಡಿ ಬರುವಷ್ಟರಲ್ಲಿ ಅಜ್ಜಿ ನಡುಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಏಳು ತಿಂಗಳ ಬಸುರಿಯಾದವಳು ಹೆಣದ ಮುಖ ನೋಡಬಾರದು. ಹೊಟ್ಟೆಯೊಳಗಿನದಕ್ಕೆ ಆಗುವುದಿಲ್ಲ. ಅಷ್ಟು ಹೇಳಿದ ಮೇಲೆ ಅವಳ ಅಳುವನ್ನೂ ಯಾರೂ ಕೇಳಲಿಲ್ಲ.

ಬಸುರಿ ಹೆಂಗಸಿಗೆ ಇರುವ ಕಟ್ಟಳೆ ಗಬ್ಬದ ಕುರಿಗೂ ಇದೆ, ಈ ಮನೆಯಲ್ಲಿ. ಕೊಟ್ಟಿಗೆಯ ದೊಡ್ಡ ಬಾಗಿಲು ಅಂಗಳಕ್ಕೇ ತೆರೆಯುವುದರಿಂದ ಅಜ್ಜಿ ಆಗಲೇ ಬಿದಿರು ತಡಿಕೆಗೆ ಗೋಣಿತಾಟು ಕಟ್ಟಿಸಿದ್ದಳು. ಇನ್ನೇನು ಮರಿ ಹಾಕಬೇಕಾದ ಕುರಿಗಳು ಒಳಗೆ ಕತ್ತಲಲ್ಲಿ ಹಸಿದು ಅರಚುತ್ತಿದ್ದವು.

“ದೊಡ್ಡತ್ತೆ ಬದುಕಿದ್ದಾಗ ಒಂದು ಮಾತು, ಸತ್ತ ದಿನ ಒಂದು ಮಾತಾ ಅಜ್ಜಿ? ಬಸುರು ಅಂತ ಗೊತ್ತಾದಾಗಿಂದ ಈ ಹೊಸ್ತಿಲು ದಾಟಿಲ್ಲ ನಾನು. ಇವತ್ತೂ ದಾಟಲ್ಲ.”

ಅಜ್ಜಿ ಬೆನ್ನ ಮೇಲಿನ ಕೈ ತೆಗೆದಳು. “ಅಂಗಾರೆ ಇತ್ಲಲ್ಲಿ ಕೂತ್ಕ ಓಗು. ಅಲ್ಲಿಗೆ ಏನೂ ಕಾಣಾಕಿಲ್ಲ” ಎಂದಳು.

ಶೋಭಿತಾ ಹಿತ್ತಲಿಗೆ ನಡೆದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಎದುರಿಗೆ ತಿಪ್ಪೆ, ಅದರ ಪಕ್ಕದಲ್ಲಿ ಲಂಟಾನದ ಬೇಲಿ. ಬೇಲಿಗೂ ತಿಪ್ಪೆಗೂ ನಡುವೆ ಒಬ್ಬರು ನಡೆಯುವಷ್ಟೇ ಅಗಲದ ಕಾಲುದಾರಿ ನಾಲೆಯ ಏರಿಯ ಕಡೆ ಹೋಗುತ್ತಿತ್ತು. ಅದನ್ನು ನೋಡಿದ್ದೇ ಅವಳಿಗೆ ಇನ್ನಷ್ಟು ಅಳು ಬಂತು. ದೊಡ್ಡತ್ತೆಯ ಮುಖವನ್ನು ಒಂದೇ ಒಂದು ಸಲ ನೋಡಬೇಕು, ಬೇರೇನೂ ಬೇಡ ಅನ್ನಿಸಿತು.

*

ಆ ಕಾಲುದಾರಿಯ ಕತೆಯನ್ನು ಮಾದಮ್ಮನೇ ಶೋಭಿತಾಗೆ ಹೇಳಿದ್ದಳು, ಅವರೆಕಾಯಿ ಸುಲಿಯುತ್ತಾ, ಬೇರೆ ಯಾರದೋ ಮನೆಯ ವಿಷಯವೆಂಬಂತೆ.

ಅರಕಲಗೂಡು ಕಡೆಯ ಹೆಣ್ಣು ಅವಳು. ಅಪ್ಪ ಇಟ್ಟಿಗೆ ಗೂಡಿನಲ್ಲಿ ಕೂಲಿಗೆ ಹೋಗುವವನು. ತವರಿನಲ್ಲಿ ಕುರಿಯಿರಲಿ, ಒಂದು ಕೋಳಿಯೂ ಇರಲಿಲ್ಲ. ಹಳ್ಳಿಮೈಸೂರಿನ ಹತ್ತಿರದ ಈ ಊರಿಗೆ ಪಾಪಯ್ಯನ ಹೆಂಡತಿಯಾಗಿ ಬಂದಾಗ ಕುರಿ ಯಾವುದು ಟಗರು ಯಾವುದು ಎಂದು ತಿಳಿಯದೆ ಕೇರಿಯೆಲ್ಲ ನಗುವಂತೆ ಮಾಡಿಕೊಂಡಿದ್ದಳಂತೆ. ವರ್ಷದೊಳಗೆ ಬಸುರಾದಳು. ಅದೇ ಹೊತ್ತಿಗೆ ಕೊಟ್ಟಿಗೆಯಲ್ಲಿ ಕುರಿಗಳು ಒಂದಾದ ಮೇಲೆ ಒಂದು ಕಂದು ಹಾಕತೊಡಗಿದವು. ತಿಂಗಳು ತುಂಬದ ಮರಿಗಳು, ಕಣ್ಣು ಬಿಡದವು. ಅವನ್ನೆಲ್ಲ ಬಾಚಿ ತಿಪ್ಪೆಗೆ ಹಾಕಿ ನೆಲ ಸಾರಿಸುವ ಕೆಲಸ ಹೊಸ ಸೊಸೆಯದು. ಬರಿಗೈಯಲ್ಲೇ ಮಾಡಿದಳು. ಆಗೆಲ್ಲ ಯಾರು ಕೈಗೆ ಏನು ಹಾಕಿಕೊಳ್ಳುತ್ತಿದ್ದರು?

ಐದನೇ ತಿಂಗಳಲ್ಲಿ ಅವಳದೂ ಇಳಿದುಹೋಯಿತು. ಆಮೇಲೆ ಹೊಟ್ಟೆ ನಿಲ್ಲಲೇ ಇಲ್ಲ.

ಕುರಿ ಮೊದಲೋ ಇವಳು ಮೊದಲೋ ಎಂದು ಯಾರೂ ನೆನಪಿಟ್ಟುಕೊಳ್ಳಲಿಲ್ಲ. “ಒಟ್ಟೆ ನಿಲ್ದೋಳ ನೆಳ್ಳು ಬಿದ್ರೆ ಗಬ್ಬದ ಕುರಿ ಎಂಗ್ಲಾ ಉಳ್ದಾತು?” ಎಂದು ಮಾರಮ್ಮ ಮಗನನ್ನು ಕೇಳಿದಳು. ಪಾಪಯ್ಯ ತಲೆ ತಗ್ಗಿಸಿಕೊಂಡು ಬೀಡಿ ಹಚ್ಚಿದ. ಅಲ್ಲಿಗೆ ತೀರ್ಮಾನವಾಯಿತು. ಮಾದಮ್ಮ ಕೊಟ್ಟಿಗೆಗೆ ಕಾಲಿಡುವ ಹಾಗಿಲ್ಲ. ಅಂಗಳದಿಂದ ಹೋದರೆ ಕೊಟ್ಟಿಗೆಯ ಬಾಗಿಲ ಮುಂದೆಯೇ ಹಾಯಬೇಕಲ್ಲ, ಆದ್ದರಿಂದ ಹೊಲಕ್ಕೆ, ನೀರಿಗೆ, ಸೌದೆಗೆ ಎಲ್ಲದಕ್ಕೂ ಹಿತ್ತಲಿಂದಲೇ ಹೋಗಬೇಕು. ಕೇರಿಯಲ್ಲಿ ಯಾವ ಬಸುರಿಗೆ ಮಡಿಲು ತುಂಬುವುದಿದ್ದರೂ ಇವಳನ್ನು ಕರೆಯುವ ಹಾಗಿಲ್ಲ. ಹಿತ್ತಲಲ್ಲಿ ಮೊದಲು ದಾರಿಯೇ ಇರಲಿಲ್ಲ, ಬರೀ ಲಂಟಾನ. ಇಪ್ಪತ್ತು ವರ್ಷ ಒಬ್ಬಳೇ ತುಳಿದು ತುಳಿದು ಆದ ದಾರಿ ಅದು.

“ನಿಮಗೆ ಸಿಟ್ಟು ಬರ್ತಿರಲಿಲ್ವಾ ದೊಡ್ಡತ್ತೆ?” ಎಂದು ಶೋಭಿತಾ ಕೇಳಿದ್ದಳು.

“ಬತ್ತಿತ್ತು ಕಣವ್ವ. ಆದ್ರೆ ನಿಜ ಇದ್ರೂ ಇರಬೈದು ಅನ್ನಿಸ್ತಿತ್ತು. ನಂದೇ ಒಟ್ಟೆ, ನಂಗೇ ಏನಾಯ್ತು ಅಂತ ಗೊತ್ತಿಲ್ಲ. ಇನ್ನು ಬ್ಯಾರೇರ್ಗೆ ಏನಂತ ಯೋಳ್ಲಿ?” ಎಂದು ಮಾದಮ್ಮ ಅವರೆಸಿಪ್ಪೆಯನ್ನು ಮೊರದ ಅಂಚಿಗೆ ಸರಿಸಿದ್ದಳು. ಮೈದುನನೂ ಅವನ ಹೆಂಡತಿಯೂ ತೀರಿಕೊಂಡ ಮೇಲೆ ಅವರ ಕೂಸು ನಟರಾಜುವನ್ನು, ಈಗ ಶೋಭಿತಾಳ ಗಂಡನಾದವನನ್ನು, ಅವಳೇ ಸಾಕಿದಳು. ಹುಟ್ಟಿದ ಕೂಸಿಗೆ ಅವಳ ನೆರಳಿನ ಭಯವಿಲ್ಲ, ಹುಟ್ಟಬೇಕಾದ್ದಕ್ಕೆ ಮಾತ್ರ. ಆ ಲೆಕ್ಕ ಮಾರಮ್ಮಜ್ಜಿಗೆ ಹೇಗೆ ಹೊಂದುತ್ತಿತ್ತೋ ದೇವರೇ ಬಲ್ಲ.

*

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ತಮಟೆ ಜೋರಾಯಿತು. ಹೆಂಗಸರು ಮಾದಮ್ಮನಿಗೆ ನೀರು ಹಾಕಿ, ಅರಿಸಿನ ಹಚ್ಚಿ, ಕೈತುಂಬ ಹಸಿರು ಬಳೆ ತೊಡಿಸುವುದು ಹಿತ್ತಲಿಗೆ ಮಾತಿನಲ್ಲೇ ಕೇಳುತ್ತಿತ್ತು. “ಪುಣ್ಯವಂತೆ ಕಣ್ರೇ, ಮುತ್ತೈದೆ ಸಾವು.” “ಅಯ್ಯೋ, ಇನ್ನೆರಡು ತಿಂಗ್ಳು ಇದ್ದಿದ್ರೆ ಮೊಮ್ಮಗೀನ ಎತ್ಕತಿದ್ಲು.” ಶೋಭಿತಾ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿಸಿಕೊಂಡಳು.

ನಟರಾಜು ಹಿತ್ತಲ ಬಾಗಿಲಿಗೆ ಬಂದು ನಿಂತ. ಹೊಳೆನರಸೀಪುರದ ಆಫೀಸಿನಲ್ಲಿ ಅಟೆಂಡರ್ ಕೆಲಸ ಅವನಿಗೆ. ಅಲ್ಲಿ ಸಾಹೇಬರ ಮುಂದೆ ನಿಲ್ಲುವಂತೆಯೇ ಹೆಂಡತಿಯ ಮುಂದೂ ಕೈಕಟ್ಟಿ ನಿಂತ. ಕಣ್ಣು ಕೆಂಪಗಾಗಿದ್ದವು.

“ಶೋಭಿ, ವಸಿ ಎದ್ದು ಕೆಂಚಯ್ಯಣ್ಣನ ಇತ್ಲಿಗೆ ಓಗಿ ಕೂತ್ಕತೀಯಾ?”

“ಯಾಕೆ?”

“ದೊಡ್ಡವ್ವನ್ನ ಈ ಕಡೆಯಿಂದ ತಗಂಡೋಗ್ತಾರಂತೆ.”

ಅವನ ಹಿಂದೆಯೇ ಕೆಂಚಯ್ಯ ಬಂದ. ಆ ಕೇರಿಯಲ್ಲಿ ಯಾರೇ ಸಾಯಲಿ, ಚಟ್ಟ ಕಟ್ಟುವುದರಿಂದ ಮಣ್ಣೆಳೆಯುವ ತನಕ ಕೆಂಚಯ್ಯನದೇ ಯಜಮಾನಿಕೆ. ಹೆಗಲ ಮೇಲೆ ಹಗ್ಗದ ಸುರುಳಿ ಇತ್ತು. ಮುಖದಲ್ಲಿ ಅವಸರವಿತ್ತು.

“ಮುಂದ್ಲ ಬಾಗ್ಲಲ್ಲಿ ಗಬ್ಬದ ಕುರಿ ಅವೆ ಕಣವ್ವ. ಎಣ ಅವುಗಳ ಮುಂದೆ ಆಯ್ಬಾರ್ದು. ಇಂದ್ಲ ದಾರೀಲಿ ನಾಲೆ ಏರಿಗೆ ಆಕ್ಬುಟ್ರೆ ಆಯ್ತು. ಏಳು ಮಗ.”

“ಕುರೀನೇ ಆಚೆ ಹೊಡ್ಕೊಂಡು ಹೋಗಬಹುದಲ್ಲ ಕೆಂಚಯ್ಯಣ್ಣ.”

“ಎಲ್ಲಿಂದ ಒಡ್ಕಂಡೋಗ್ಲಿ? ಎಣದ ಮುಂದ್ಲಿಂದ್ಲೇ ಒಡ್ಕಂಡೋಗ್ಬೇಕು.”

“ಹಾಗಾದ್ರೆ ಮುಂದೆ ಕುರಿ ಇದಾವೆ, ಹಿಂದೆ ನಾನಿದೀನಿ. ನಾನು ಏಳಲ್ಲ. ಈ ಕಡೆಯಿಂದ ತಂದ್ರೆ ನೋಡ್ತೀನಿ. ನೋಡೋಕೇ ಕೂತಿದೀನಿ.”

ಕೆಂಚಯ್ಯ ತಲೆಗೆ ಸುತ್ತಿದ ಟವಲು ಬಿಚ್ಚಿ ಮುಖ ಒರೆಸಿಕೊಂಡ. ಎಷ್ಟೋ ಹೆಣ ಎತ್ತಿದವನು. ಮಳೆಗೆ ಗುಣಿಯಲ್ಲಿ ನೀರು ತುಂಬಿದ್ದನ್ನೂ ಕಂಡವನು. ಹೆಣಕ್ಕೆ ದಾರಿಯೇ ಇಲ್ಲದ ಫಜೀತಿ ಮಾತ್ರ ಇದೇ ಮೊದಲು. “ಏನ್ಲಾ ನಟ, ನಿನ್ನೆಂಡ್ರಿಗೆ ನೀನಾರ ಯೋಳ್ಲಾ!” ಎಂದ.

ನಟರಾಜು ಹೆಂಡತಿಯ ಮುಖ ನೋಡಿದ, ತಿಪ್ಪೆಯ ಕಡೆ ನೋಡಿದ, ಆಮೇಲೆ ಅಜ್ಜಿಯನ್ನು ಕರೆದುಕೊಂಡು ಬರುತ್ತೇನೆಂದು ಒಳಗೆ ಹೋದ.

*

ದನದ ಡಾಕ್ಟರು ಯೋಗಾನರಸಿಂಹ ಈ ಮನೆಗೆ ಮೊದಲು ಬಂದದ್ದು ತೊಂಬತ್ತೇಳರಲ್ಲಿ. ಆ ವರ್ಷ ಮತ್ತೆ ಕುರಿಗಳು ಕಂದು ಹಾಕಿದ್ದವು. ಹೊಳೆನರಸೀಪುರದ ಅಗ್ರಹಾರದ ಹುಡುಗ, ಆಗಷ್ಟೇ ಕೆಲಸಕ್ಕೆ ಸೇರಿ, ಬೆಂಗಳೂರಿನಲ್ಲಿ ಮುಂದಿನ ಓದನ್ನೂ ಓದುತ್ತಿದ್ದರು. ಕೊಟ್ಟಿಗೆಯ ಹಿಂಭಾಗದ ಗೋಡೆ ಆಗ ಬಿದ್ದುಹೋಗಿ ಬರೀ ಬೇಲಿಯಿತ್ತು. ಕುರಿಗಳ ಕತ್ತಿನಿಂದ ಒಂದೊಂದೇ ರಕ್ತ ತೆಗೆಯುತ್ತಾ ಅವರು ತಲೆಯೆತ್ತಿದರೆ, ಹಿತ್ತಲ ದಾರಿಯಲ್ಲಿ ನಿಂತ ಹೆಂಗಸೊಬ್ಬಳು ಬೇಲಿಯ ಸಂದಿನಿಂದ ತೋಳು ಚಾಚಿದ್ದಾಳೆ.

“ನಂದೂ ತಗಳಿ ಸಾ.”

“ನಾನು ದನದ ಡಾಕ್ಟ್ರು ಕಣಮ್ಮ. ಮನುಷ್ಯರಿಗೆ ಸೂಜಿ ಚುಚ್ಚೋ ಹಾಗಿಲ್ಲ.”

“ಕುರಿ ಅಂದ್ಕಂಡು ತಗಳಿ.”

ಡಾಕ್ಟರು ನಗಲು ಹೋಗಿ, ಆ ಮುಖ ನೋಡಿ ಸೂಜಿ ಕೆಳಗಿಟ್ಟರಂತೆ. ಬೇಲಿಯ ಈಚೆಗೆ ಯಾಕೆ ಬರುವುದಿಲ್ಲ ಎಂದು ಕೇಳಿದ್ದಕ್ಕೆ ಮಾದಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮರುವಾರ ಅವರು ಆಸ್ಪತ್ರೆಯ ನರ್ಸನ್ನು ಜೊತೆಗೆ ಕರೆತಂದು, ಮಾದಮ್ಮನದಲ್ಲದೆ ಪಾಪಯ್ಯನದೂ ಮಾರಮ್ಮಜ್ಜಿಯದೂ ರಕ್ತ ತೆಗೆಸಿದರು. ಅಜ್ಜಿ ಬೈದುಕೊಂಡೇ ತೋಳು ಕೊಟ್ಟಳು.

ಫಲಿತಾಂಶ ಹಿಡಿದು ಬಂದ ದಿನ ಡಾಕ್ಟರು ಜಗಲಿಯ ಮೇಲೆ ಕೂತು ವಿವರಿಸಲು ಪಟ್ಟ ಪಾಡನ್ನು ಮಾದಮ್ಮ ಅಭಿನಯಿಸಿ ತೋರಿಸುತ್ತಿದ್ದಳು. ಟಾಕ್ಸೊಪ್ಲಾಸ್ಮಾ ಅಂತ ಒಂದು ಪರೋಪಜೀವಿ, ಕಣ್ಣಿಗೆ ಕಾಣುವುದಿಲ್ಲ. ಬೆಕ್ಕಿನ ಹೊಟ್ಟೆಯಲ್ಲಿ ಬೆಳೆದು ಅದರ ಗಲೀಜಿನಿಂದ ಮೇವಿಗೆ, ಮೇವಿನಿಂದ ಕುರಿಗೆ. ಹಾಕಿದ ಕಂದನ್ನು ಬರಿಗೈಯಲ್ಲಿ ಮುಟ್ಟಿದವರಿಗೂ ಬರಬಹುದು.

“ಕಾಣಾಕಿಲ್ಲ ಅಂದ್ಮ್ಯಾಲೆ ಅದೇ ಅಂತ ಎಂಗೆ ಕಂಡಿಡುದ್ರಿ ಸಾ?”

“ಅದರ ಮೈಮೇಲೆ ಪ್ರೋಟೀನಿನ ಒಂದು ಹೊದಿಕೆ ಇರತ್ತೆ ಮಾದಮ್ಮ.”

“ಹೊದ್ಕೆ ಅಂದ್ರೆ? ಕಂಬ್ಳಿನಾ?”

“ಕಂಬಳಿ ಅಂತಲೇ ಇಟ್ಕೊಳ್ಳಿ. ನಿಮ್ಮನೆಗೆ ಒಂದ್ಸಲ ಕಳ್ಳ ಬಂದು ಹೋಗಿದಾನೆ. ನಾಯಿ ಅವನನ್ನ ನೋಡಿದೆ. ಮತ್ತೆ ಗುರುತು ಹಿಡಿಯತ್ತಾ ಅಂತ ನೋಡೋಕೆ ಕಳ್ಳನನ್ನೇ ಕರ್ಕೊಂಡು ಬರಬೇಕಾ? ಅವನ ಕಂಬಳಿ ತೋರಿಸಿದ್ರೆ ಸಾಕು, ಬೊಗಳತ್ತೆ. ಹಿಂದೆಲ್ಲ ಈ ಪರೀಕ್ಷೆಗೆ ಜೀವಂತ ಕ್ರಿಮೀನೇ ಸಾಕ್ಕೋಬೇಕಿತ್ತು. ಸಾಕಿದೋರಿಗೇ ಅಂಟೋ ಭಯ. ಈಗ ನಮ್ಮ ಮೇಷ್ಟ್ರ ಲ್ಯಾಬಲ್ಲಿ ಬರೀ ಕಂಬಳೀನ ಮಾಡ್ಕೊಂಡು, ಅದಕ್ಕೆ ರಕ್ತ ತಾಕಿಸಿ ನೋಡ್ತಾರೆ. ನಿಮ್ಮ ಕುರಿಗಳ ರಕ್ತ ಗುರುತು ಹಿಡೀತು. ನಿಮ್ಮದೂ ಹಿಡೀತು.”

ಕಂಬದ ಮರೆಯಲ್ಲಿದ್ದ ಮಾರಮ್ಮ ಆಗ ಮುಂದೆ ಬಂದಳು. “ನಂದು?”

“ನಿಮ್ಮದೂ ಹಿಡೀತಜ್ಜಿ. ಪಾಪಯ್ಯನದೂ.”

“ಅದೆಂಗಾದಾತು? ನಾನು ಏಳು ಮಕ್ಳ ಎತ್ತಿವ್ನಿ!”

“ನೀವು ಕುರಿಗಳ ಮಧ್ಯೇನೇ ಹುಟ್ಟಿ ಬೆಳೆದೋರು. ಸಣ್ಣೋರಿದ್ದಾಗಲೇ ಬಂದು ಹೋಗಿರತ್ತೆ, ಒಂದು ನೆಗಡಿ ಬಂದ ಹಾಗೆ. ಒಂದ್ಸಲ ಗುರುತು ಹಿಡಿದ ಮೈ ಆಮೇಲೆ ಹೊಟ್ಟೇಲಿರೋ ಮಗು ತನಕ ಅದನ್ನ ಸಾಮಾನ್ಯವಾಗಿ ಬಿಡಲ್ಲ. ಮಾದಮ್ಮ ಕುರಿಯಿಲ್ಲದ ಮನೆಯಿಂದ ಬಂದೋರು. ಬಸುರೀಲಿದ್ದಾಗಲೇ ಮೊದಲನೇ ಸಲ ಅಂಟಿದ್ರೆ ಮಗು ಇಳಿದುಹೋಗಬಹುದು. ಇಷ್ಟು ವರ್ಷ ಆದ್ಮೇಲೆ ಅದೇ ಕಾರಣ ಅಂತ ನಾನು ಆಣೆ ಮಾಡಿ ಹೇಳಲಾರೆ.”

ಮಾದಮ್ಮ ಕೇಳಿದಳಂತೆ: “ಕುರಿಯಿಂದ ನಂಗೆ ಬಂದಿರಬೈದು. ನನ್ನಿಂದ ಕುರೀಗೆ?”

“ನಿಮ್ಮ ನೆರಳಿಂದ ಕುರಿಗೆ ಬರೋಕೆ ಸಾಧ್ಯವೇ ಇಲ್ಲ. ಅದನ್ನ ಬೇಕಾದ್ರೆ ಆಣೆ ಮಾಡ್ತೀನಿ.”

ಮಾರಮ್ಮಜ್ಜಿ ಎದ್ದು ಒಳಗೆ ಹೋದಳು. ಬಸುರಿ ಸೊಸೆಯ ಕೈಯಲ್ಲಿ ಆ ಕಂದುಗಳನ್ನು ಬಾಚಿಸಿದ್ದು ಯಾರೆಂದು ಡಾಕ್ಟರಿಗೆ ಗೊತ್ತಿರಲಿಲ್ಲ, ಆ ಮನೆಯವರಿಗೆ ಗೊತ್ತಿತ್ತು. ಅಜ್ಜಿ ಅವತ್ತು ಉಣ್ಣಲಿಲ್ಲ. ಮಾರನೆಯ ಬೆಳಿಗ್ಗೆ ಎದ್ದವಳೇ, ಇಪ್ಪತ್ತು ವರ್ಷದಿಂದ ದಿನಾ ಹೇಳುತ್ತಿದ್ದವಳ ಹಾಗೆ, “ಕೂತ್ಕಂಡಿದ್ದೀಯಲ್ಲ, ಕುರೀಗೆ ಸೊಪ್ಪು ಆಕೋರು ಯಾರು?” ಎಂದು ಮಾದಮ್ಮನನ್ನು ಗದರಿದಳು. ಕ್ಷಮಿಸು ಎಂಬ ಮಾತು ಆ ಬಾಯಿಂದ ಬಂದರೆ ಅಷ್ಟೇ ಬರಬೇಕು. ಮಾದಮ್ಮ ಗೂಟಕ್ಕೆ ಹಾಕಿದ್ದ ತನ್ನ ಕರಿ ಕಂಬಳಿ ಹೊದ್ದು, ಕೊಟ್ಟಿಗೆಗೆ ಹೋಗಿ, ಕುರಿಗಳ ಮಧ್ಯೆ ಕೂತು ಅತ್ತುಕೊಂಡು ಬಂದಳು. ಹಿತ್ತಲ ದಾರಿಯಲ್ಲಿ ನಡೆದು ರೂಢಿಯಾದ ಕಾಲು ಮಾತ್ರ ಆಮೇಲೂ ಆ ದಾರಿಯಲ್ಲೇ ಹೋಗುತ್ತಿತ್ತು.

ಆ ವರ್ಷ ಕಂದು ಹಾಕಿದ ಕುರಿಗಳನ್ನು ಕಟುಕರಿಗೆ ಕೊಡಲು ಎಲ್ಲರೂ ಸಿದ್ಧರಾಗಿದ್ದರು. ಮಾದಮ್ಮ ಅಡ್ಡ ನಿಂತಳು. “ಒಂದ್ಸಲ ಆಕಿದ್ದು ಈ ರೋಗಕ್ಕೆ ಮತ್ತೆ ಆಕಾಕಿಲ್ಲ ಅಂತ ಡಾಕುಟ್ರು ಯೋಳವ್ರೆ. ಅವೇ ಗಟ್ಟಿ ಕುರಿ. ಅವುಗಳ್ನ ಯಾಕ್ ಕಳೀತೀರಿ?” ಮರುವರ್ಷ ಅವು ಒಳ್ಳೆಯ ಮರಿ ಹಾಕಿದವು. ಆ ಮರಿಗಳಲ್ಲೊಂದು, ಬಿಳಿಕಿವಿ ಎಂದು ಅವಳು ಹೆಸರಿಟ್ಟದ್ದು, ಹಲ್ಲುದುರಿ ಮುದಿಯಾದರೂ ಕೊಟ್ಟಿಗೆಯಲ್ಲಿ ಉಳಿದುಕೊಂಡಿತ್ತು.

ಡಾಕ್ಟರು ಕಂಡಾಗಲೆಲ್ಲ ಮಾದಮ್ಮನದು ಒಂದೇ ಪ್ರಶ್ನೆ. ಕಳ್ಳ ಬರುವುದಕ್ಕೆ ಮೊದಲೇ ನಾಯಿಗೆ ಕಂಬಳಿ ಮೂಸಿಸಿಬಿಟ್ಟರೆ ಆಗದೇ ಎಂದು ಅವಳು ಕೇಳಿದ್ದಕ್ಕೆ, ಅಂಥದೇ ಲಸಿಕೆಗೆ ಪ್ರಯತ್ನ ನಡೆಯುತ್ತಿದೆ ಎಂದು ಅವರು ಹೇಳಿದ್ದರು. ಅಷ್ಟೇ ಸಾಕಾಯಿತು. “ಕಂಬ್ಳಿ ಸೂಜಿ ಬಂತಾ ಸಾ?” “ಇನ್ನೂ ಇಲ್ಲ ಮಾದಮ್ಮ.” ಸಂತೆಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಸಿಕ್ಕರೂ ಇದೇ.

ಚನ್ನರಾಯಪಟ್ಟಣದ ಬಸ್ ಕಂಡಕ್ಟರ ಮಗಳು ಶೋಭಿತಾ ಸೊಸೆಯಾಗಿ ಬಂದ ತಿಂಗಳಲ್ಲೇ ಮಾದಮ್ಮ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿದಳು. ಶೋಭಿತಾಳ ರಕ್ತಕ್ಕೆ ಆ ಗುರುತು ಇರಲಿಲ್ಲ. 

“ಇಲ್ಲ ಅಂದ್ರೆ ಒಳ್ಳೇದಲ್ವಾ ದೊಡ್ಡತ್ತೆ?”

“ಇಲ್ಲ ಅಂದ್ರೆ ನನ್ನಂಗೇ ಬಂದಿದ್ದೀಯ ಅಂತ” ಎಂದು ಮಾದಮ್ಮ ಅವಳ ಕೈ ಹಿಡಿದುಕೊಂಡಳು. ಬಸುರೆಂದು ತಿಳಿದ ದಿನದಿಂದ ಕೊಟ್ಟಿಗೆಯ ಕೆಲಸವನ್ನೆಲ್ಲ ತಾನೇ ಎಳೆದುಕೊಂಡು ಹೊಸ್ತಿಲಲ್ಲಿ ನಿಂತು ನಕ್ಕಳು. “ನಿನ್ನೂವೆ ಆಚೆ ಇಟ್ಟೆ ನೋಡವ್ವ. ಆದ್ರೆ ನನ್ನ ಇಟ್ಟಿದ್ದು ಬ್ಯಾರೆ, ನಿನ್ನ ಇಡ್ತಿರದು ಬ್ಯಾರೆ. ಬ್ಯಾಸ್ರ ಮಾಡ್ಕಬ್ಯಾಡ.”

*

ಅಜ್ಜಿ ಕೋಲೂರಿಕೊಂಡು ಹಿತ್ತಲಿಗೆ ಬಂದಳು. ಕೆಂಚಯ್ಯನನ್ನು ಕೈಸನ್ನೆಯಲ್ಲೇ ದೂರ ಕಳಿಸಿ, ಒಗೆಯುವ ಕಲ್ಲಿನ ಇನ್ನೊಂದು ತುದಿಯಲ್ಲಿ ಕೂತಳು. ಕೂತ ಮೇಲೆ ಬೈಯಲಿಲ್ಲ. ಅದಕ್ಕೇ ಶೋಭಿತಾಗೆ ಹೆಚ್ಚು ಭಯವಾಯಿತು.

“ಅಟ ಮಾಡ್ಬ್ಯಾಡ ಮಗ. ಇದೊಂದು ಉಳೀಬೇಕು ಕಣೆ. ನಂಗೆ ದಿಗ್ಲಾಯ್ತದೆ.”

“ನನಗೂ ಭಯ ಇದೆ ಅಜ್ಜಿ. ಆದ್ರೆ ದೊಡ್ಡತ್ತೆಯಿಂದ ನನಗೆ ಕೆಟ್ಟದಾಗತ್ತೆ ಅಂತ ಹೇಗೆ ನಂಬಲಿ? ಈ ಮಗೂನ ಇಷ್ಟು ದಿನ ಕಾದಿದ್ದೇ ಅವರು.”

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ನ ಮುಂದೆ ಅವ್ಳು ಓಗ್ಬುಟ್ಲಲ್ಲ. ನಂಗೆ ಮಣ್ಣಾಕ್ಬೇಕಾದೋಳು” ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಒಳಗೆ ಕುರಿಗಳು ಅರಚುತ್ತಲೇ ಇದ್ದವು.

ನಾಲೆಯ ಕಡೆಯಿಂದ ಯಾರೋ ಕಾಲುದಾರಿಯಲ್ಲಿ ಬರುತ್ತಿರುವುದು ಕಾಣಿಸಿತು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಹೂವಿನ ಹಾರ. ಯೋಗಾನರಸಿಂಹ ಡಾಕ್ಟರು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಲಂಟಾನ ಅಂಗಿಗೆ ಸಿಕ್ಕಿಕೊಂಡದ್ದನ್ನು ಬಿಡಿಸಿಕೊಳ್ಳುತ್ತಾ ಹತ್ತಿರ ಬಂದರು.

“ಈ ಕಡೆಯಿಂದ್ಯಾಕ್ ಬಂದ್ರಿ ಸಾ? ಅಂಗ್ಳದ ಕಡೆ ರಸ್ತೆ ಇಲ್ವಾ?” ಎಂದು ಅಜ್ಜಿ ಕೇಳಿದಳು.

“ಯಾವಾಗಲೂ ಮಾದಮ್ಮ ಸಿಗ್ತಿದ್ದದ್ದು ಈ ದಾರೀಲೇ ಅಲ್ವೇನಜ್ಜಿ. ಕಾಲು ತಾನಾಗೇ ಈ ಕಡೆ ಬಂತು” ಎಂದರು ಡಾಕ್ಟರು. ಹಾರವನ್ನು ಕೈಯಿಂದ ಕೈಗೆ ಬದಲಿಸಿದರು.

ಅಜ್ಜಿ ಅವರನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು. “ಸಾ, ಆ ಕಂಬ್ಳಿ ಸೂಜಿ ಬಂತಾ?”

ಡಾಕ್ಟರ ಕಣ್ಣು ತುಂಬಿಬಂತು. “ಇನ್ನೂ ಇಲ್ಲಜ್ಜಿ. ಇಲಿಗಳಿಗೆ ಹಾಕಿ ನೋಡ್ತಾನೇ ಇದಾರೆ. ಒಂದಷ್ಟು ತಡೆಯತ್ತೆ, ಪೂರ್ತಿ ತಡೆಯಲ್ಲ. ನಮ್ಮ ಹೆಣ್ಮಕ್ಕಳಿಗೆ ಬರೋಕೆ ಇನ್ನೂ ಕಾಲ ಬೇಕು.”

“ಬಂದಾಗ ಯೋಳಿ. ಅವ್ಳು ಕೇಳಾಕಿಲ್ಲ ಅಂತ ಮರೀಬ್ಯಾಡಿ.” ಅಜ್ಜಿ ಕೋಲಿನ ತುದಿಯಿಂದ ನೆಲ ಕೆದಕಿದಳು. “ಇನ್ನೊಂದು ಕೇಳ್ತೀನಿ. ಸತ್ತೋಳ ಮಕ ನೋಡಿದ್ರೆ ಬಸುರೀಗೆ ಏನಾರ ಅಂಟ್ತದಾ ಸಾ? ನಿಜ ಯೋಳಿ.”

“ಇಲ್ಲಜ್ಜಿ. ನೋಡಿದ್ರೆ ಏನೂ ಅಂಟಲ್ಲ. ದುಃಖ ಆಗತ್ತೆ, ಅಷ್ಟೇ. ನೋಡದೆ ಇದ್ರೂ ಆಗತ್ತೆ.”

ಅಜ್ಜಿ ಕಾಲುದಾರಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಎರಡೂ ಕಡೆ ಗಿಡ ಒತ್ತಿಕೊಂಡಿದ್ದರೂ ನಡುವೆ ಒಂದು ಹುಲ್ಲೂ ಹುಟ್ಟದಂತೆ ನೆಲ ನುಣ್ಣಗಾಗಿತ್ತು.

“ಕೆಂಚಾ!” ಎಂದು ಕೂಗಿದಳು. ಕೆಂಚಯ್ಯ ಓಡಿಬಂದ.

“ಬದುಕಿದ್ದಾಗೆಲ್ಲ ಅವ್ಳ್ನ ಇಂದ್ಲ ದಾರೀಲಿ ನಡ್ಸಿವ್ನಿ. ಇವತ್ತೂ ಇಂದ್ಲ ದಾರೀನಾ? ಬ್ಯಾಡ ಕಣ್ಲಾ. ಅಂಗ್ಳದಿಂದ್ಲೇ ಎತ್ರಿ.”

“ಕುರಿ ಅವಲ್ಲ ಮಾರವ್ವ!”

“ಇರ್ಲಿ. ಅವ್ಳೇ ಸಾಕಿದ ಕುರಿ ಅಲ್ವಾ? ಅವೂ ನೋಡ್ಲಿ, ಇವ್ಳೂ ನೋಡ್ಲಿ.” ಎದ್ದು ಶೋಭಿತಾಳ ಮುಂದೆ ಕೈ ಚಾಚಿದಳು. “ಏಳವ್ವ. ನನ್ನ ಕೈ ಗಟ್ಟಿಯಾಗಿ ಹಿಡ್ಕ.”

ಅಂಗಳದಲ್ಲಿ ಚಟ್ಟವನ್ನು ಆಗಲೇ ಹೆಗಲಿಗೆ ಎತ್ತಿದ್ದರು. ಮಾರಮ್ಮ ಬಸುರಿಯ ಕೈಹಿಡಿದು ಬಂದದ್ದನ್ನು ಕಂಡು ಹೆಂಗಸರು ಗುಜುಗುಜು ಅಂದರು. ತಮಟೆ ತಾನಾಗಿಯೇ ನಿಂತಿತು. ಅಜ್ಜಿ ಯಾರ ಕಡೆಗೂ ನೋಡದೆ ಕೊಟ್ಟಿಗೆಯ ಬಾಗಿಲ ಮುಂದೆ ನೆಲ ತೋರಿಸಿದಳು. ಹೊತ್ತವರು ಚಟ್ಟವನ್ನು ಅಲ್ಲಿ ಇಳಿಸಿದರು.

ಬೆಳಗಿನಿಂದ ಹೆಂಡತಿಯ ಕರಿ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದ ಪಾಪಯ್ಯ ಆಗ ಎದ್ದ. ಬಂದು ಅದನ್ನು ಕೊಡವಿ ಅವಳ ಮೈಮೇಲೆ ಹೊದಿಸಿದ. ಅಂಚನ್ನು ಎರಡೂ ಕಡೆ ಒತ್ತಿ ಸರಿಮಾಡಿದ. “ಇದಿಲ್ದೆ ಅವ್ಳು ಎಲ್ಗೂ ಓಗ್ತಿರ್ಲಿಲ್ಲ” ಎಂದ. ನಟರಾಜು ಬಿಕ್ಕಿ ಅತ್ತುಬಿಟ್ಟ.

ಶೋಭಿತಾ ಮಂಡಿಯೂರಿ ಕೂತು ಮುಖ ನೋಡಿದಳು. ಹಣೆತುಂಬ ಕುಂಕುಮ, ಕೆನ್ನೆಗೆ ಅರಿಸಿನ. ಬಾಯಿ ತುಸು ತೆರೆದಿತ್ತು. ಹೊಟ್ಟೆಯೊಳಗೆ ಕೂಸು ಹೊರಳಿತು, ದಿನವೂ ಈ ಹೊತ್ತಿಗೆ ಹೊರಳುವಂತೆಯೇ. ಅವಳು ದೊಡ್ಡತ್ತೆಯ ಕೈಯನ್ನು ಕಂಬಳಿಯ ಮೇಲಿಂದಲೇ ಹಿಡಿದುಕೊಂಡು ಸಮಾಧಾನವಾಗುವ ತನಕ ಅತ್ತಳು. ಯಾರೂ ಅವಳನ್ನು ಏಳು ಅನ್ನಲಿಲ್ಲ.

ಅಜ್ಜಿ ಅಷ್ಟರಲ್ಲಿ ತಡಿಕೆಯ ಹತ್ತಿರ ಹೋಗಿ ಗೋಣಿತಾಟಿನ ಗಂಟು ಬಿಚ್ಚುತ್ತಿದ್ದಳು. ಗಂಟು ಬಿಚ್ಚಲಾಗದೆ ಹಲ್ಲಿನಿಂದ ಕಚ್ಚಿ ಎಳೆದಳು. ತಾಟು ಕೆಳಗೆ ಬಿದ್ದು ಕೊಟ್ಟಿಗೆಗೆ ಬೆಳಕು ಬಂತು. ಒಂದು ಗಳಿಗೆ ಕುರಿಗಳು ಅರಚುವುದನ್ನೂ ಬಿಟ್ಟು ಪಿಳಿಪಿಳಿ ನೋಡಿದವು. ಹಲ್ಲಿಲ್ಲದ ಬಿಳಿಕಿವಿ ಎಲ್ಲಕ್ಕಿಂತ ಮುಂದೆ ನುಗ್ಗಿ, ತಡಿಕೆಯ ಸಂದಿನಿಂದ ಮೂತಿ ಚಾಚಿ, ಚಟ್ಟದ ಮೇಲಿನ ಕರಿ ಕಂಬಳಿಯ ಅಂಚನ್ನು ಮೂಸಿತು. ಮೂಸಿದ್ದೇ ಕತ್ತೆತ್ತಿ ಕೂಗಿತು. ಅದರ ಹಿಂದೆ ಗಬ್ಬದ ಕುರಿಗಳೆಲ್ಲ ಒಂದನ್ನೊಂದು ಒತ್ತಿಕೊಂಡು ಬಂದು ಒಟ್ಟಿಗೆ ಕೂಗತೊಡಗಿದವು, ದಿನಾ ಬೆಳಿಗ್ಗೆ ಆ ಕಂಬಳಿ ಬಾಗಿಲಿಗೆ ಬಂದಾಗ ಕೂಗುತ್ತಿದ್ದ ಹಾಗೆ.

“ಬಂದ್ಲು ಸುಮ್ಕಿರ್ರವ್ವ, ಬಂದ್ಲು” ಎನ್ನುತ್ತಾ ಮಾರಮ್ಮಜ್ಜಿ ಬೆಳಗಿನಿಂದ ಬಾಗಿಲಲ್ಲಿ ಬಿದ್ದಿದ್ದ ಸೊಪ್ಪಿನ ಹೊರೆಯ ಮುಂದೆ ಕುಕ್ಕರಿಸಿದಳು. ಮಾದಮ್ಮ ಹಾಕಿದ ಗಂಟನ್ನು ಮೆಲ್ಲಗೆ ಬಿಚ್ಚತೊಡಗಿದಳು.